ರಾಶಿಯ ಮುಂದೆ ಚಾಚಿದ ಕಾಲು

ಬ್ಯಾಡಗಿಯಲ್ಲಿ ಬಸ್ಸಿಳಿದವರು ಮೊದಲು ಮಾಡುವ ಕೆಲಸ ಸೀನುವುದು. ಸುಗ್ಗಿಯ ತಿಂಗಳುಗಳಲ್ಲಂತೂ ಊರಿನ ಗಾಳಿಯಲ್ಲೇ ಒಂದು ಚಿಟಿಕೆ ಖಾರ ಬೆರೆತಿರುತ್ತದೆ. ನಾನು ಮೊದಲು ಮಾಡುತ್ತಿದ್ದ ಕೆಲಸ ಬೇರೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಬಲಗಾಲು ಮೊದಲೋ ಎಡಗಾಲು ಮೊದಲೋ ಎಂದು ಯೋಚಿಸುವುದು. ಹಿಂದಿನವರು ದೂಡುತ್ತಿದ್ದರು. ಕಂಡಕ್ಟರ್, "ಅಕ್ಕಾರ, ಲಗೂ ಇಳೀರಿ. ಇಲ್ಲೇ ಮನಿ ಮಾಡ್ತೀರೇನು?" ಎನ್ನುತ್ತಿದ್ದ. ಕೊನೆಗೆ ಕಂಬಿ ಹಿಡಿದು, ಕಡಿಮೆ ನೋಯುವ ಕಾಲಿನ ಮೇಲೆ ಭಾರ ಬಿಟ್ಟು ಇಳಿದು, ಆಮೇಲೆ ಎಲ್ಲರ ಹಾಗೆ ಸೀನುತ್ತಿದ್ದೆ.

ನನ್ನ ಚೀಲದಲ್ಲಿ ಮೊಣಕಾಲು ನೋವಿಗೆ ಹಚ್ಚುವ ಮುಲಾಮಿನ ಟ್ಯೂಬುಗಳು ತುಂಬಿರುತ್ತಿದ್ದವು. ತಮಾಷೆ ಎಂದರೆ ಅವುಗಳಲ್ಲಿ ಒಂದನ್ನೂ ನಾನು ಹಚ್ಚಿಕೊಳ್ಳುವ ಹಾಗಿರಲಿಲ್ಲ. ಅದು ಸಂಶೋಧನೆಯ ಮುಲಾಮು. ಅಧ್ಯಯನಕ್ಕೆ ಕೆಲಸ ಮಾಡುವವರು ಅಧ್ಯಯನಕ್ಕೆ ಸೇರುವಂತಿಲ್ಲ ಎಂಬುದು ನಿಯಮ. ಮಿಠಾಯಿ ಅಂಗಡಿಯಲ್ಲಿ ಕೂತ ಸಕ್ಕರೆ ಕಾಯಿಲೆಯವರ ಪಾಡು ನನ್ನದು.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದಾಗ ಇನ್ನು ಮನೆಯಲ್ಲಿ ಕೂರಬಹುದು ಎಂದುಕೊಂಡಿದ್ದೆ. ಆದರೆ ಮನೆಯಲ್ಲಿ ಕೂರುವುದು ವಾರ್ಡಿನಲ್ಲಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಗಂಡ, ಮಗ, ಸೊಸೆ, ಮೊಮ್ಮಗಳು ಎಲ್ಲರೂ ಇದ್ದಾರೆ, ಯಾರೂ ಕೆಟ್ಟವರಲ್ಲ. ನಾನು ಕೂತಿದ್ದರೆ ಯಾರೂ ನನ್ನನ್ನು ಏಳು ಎನ್ನುವುದಿಲ್ಲ. ಆದರೆ ನೀರಿಗೋ, ಕನ್ನಡಕಕ್ಕೋ ನಾನಾಗಿ ಎದ್ದರೆ ಸಾಕು, ಒಂದು ಕಡೆಯಿಂದ ಗಂಡ, "ಹೆಂಗೂ ಎದ್ದೀದಿ, ಒಂದೀಟು ಫ್ಯಾನ್ ಹಚ್ಚು" ಎನ್ನುತ್ತಾರೆ. ಇನ್ನೊಂದು ಕಡೆಯಿಂದ ಮಗ, "ಅವ್ವಾ, ಹೆಂಗೂ ಎದ್ದೀದಿ, ನನ್ನ ಚಾರ್ಜರ್ ಒಳಗ ಐತಿ ನೋಡು" ಎನ್ನುತ್ತಾನೆ. ಹಾಗಾಗಿ ಎದ್ದವಳು ಒಮ್ಮೆಗೆ ಕೂತದ್ದು ನೆನಪಿಲ್ಲ. ಈ "ಹೆಂಗೂ" ಎಂಬ ಮಾತಿನ ಮೇಲೆ ನನಗೆ ಎಂಥ ಸಿಟ್ಟಿದೆ ಎಂದರೆ, ಹೊರಗೆ ಯಾರಾದರೂ ಅಂದರೂ ಮೊಣಕಾಲು ಚುಳ್ ಎನ್ನುತ್ತದೆ.

ಹಾವೇರಿಯ ಆಸ್ಪತ್ರೆಯೊಂದರಲ್ಲಿ ಮೊಣಕಾಲು ಸವೆತದ ಮೇಲೆ ಅಧ್ಯಯನ ನಡೆಸುತ್ತಿದ್ದ ಡಾಕ್ಟರು ಕೆಲಸಕ್ಕೆ ಬರುತ್ತೀರಾ ಎಂದಾಗ ಎರಡನೇ ಮಾತಿಲ್ಲದೆ ಒಪ್ಪಿಕೊಂಡದ್ದು ಆ ಸಿಟ್ಟಿನಲ್ಲಿಯೇ ಇರಬೇಕು. ಬಸ್ಸಿನಲ್ಲಾದರೂ ಕೂರಬಹುದಲ್ಲ!

ಡಾಕ್ಟರು ನನ್ನ ಮಗನ ವಯಸ್ಸಿನವರು. ಸಣ್ಣ ದೇಹ, ದೊಡ್ಡ ಶ್ರದ್ಧೆ. ಕೆಲಸವನ್ನು ನನಗೆ ಬಿಡಿಸಿ ಹೇಳಿದರು. ಮೊಣಕಾಲಿನ ಕೀಲು ಸವೆದವರಿಗೆ ಒಂದು ಹೊಸ ಮುಲಾಮು ಕೊಟ್ಟು ನೋಡಬೇಕು. ಅರ್ಧ ಜನರಿಗೆ ಔಷಧ ಇರುವ ಮುಲಾಮು, ಇನ್ನರ್ಧ ಜನರಿಗೆ ನೋಡಲು ಹಾಗೆಯೇ ಇರುವ, ಔಷಧ ಇಲ್ಲದ ಬರೀ ಮುಲಾಮು. ಯಾರಿಗೆ ಯಾವುದು ಎಂಬುದು ಹಚ್ಚಿಕೊಂಡವರಿಗೂ ಗೊತ್ತಿರಬಾರದು, ಕೊಟ್ಟ ನನಗೂ ಗೊತ್ತಿರಬಾರದು, ಸ್ವತಃ ಡಾಕ್ಟರಿಗೂ ಗೊತ್ತಿರಬಾರದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕಾಲನ್ನು ನೇರ ಚಾಚಿ ಕೂತು, ಮುಲಾಮು ಇಂಗುವವರೆಗೆ ನಿಧಾನವಾಗಿ ತಿಕ್ಕಬೇಕು. ತಿಕ್ಕಿದ ಮೇಲೆ ಕೈ ತೊಳೆಯಬೇಕು. ಟ್ಯೂಬು ಖಾಲಿಯಾದರೂ ಎಸೆಯುವಂತಿಲ್ಲ. ಎಲ್ಲವನ್ನೂ ಹಿಂದಕ್ಕೆ ತಂದು ತೂಗಿ, ಎಷ್ಟು ಬಳಸಿದ್ದಾರೆ ನೋಡಬೇಕು.

ಹೀಗೆ ನಾನು ವಾರವಿಡೀ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂದು ಸುತ್ತತೊಡಗಿದೆ. ಮೊಣಕಾಲು ನೋವಿರುವವಳೊಬ್ಬಳು ಮೊಣಕಾಲು ನೋವಿರುವವರನ್ನು ಹುಡುಕಿಕೊಂಡು ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುವುದು ನೋಡಿದವರಿಗೆ ನಗು ತರಿಸಿರಬೇಕು. ಅವರಿಗೇನು, ನಿಂತದ್ದು ನನ್ನ ಕಾಲು.

ಜನ ಬಗೆಬಗೆಯವರು. ಮೇಡ್ಲೇರಿಯಿಂದ ಬಂದ ರೈತರೊಬ್ಬರು ಟ್ಯೂಬನ್ನು ತಿರುಗಿಸಿ ಮುರುಗಿಸಿ ನೋಡಿ, "ಹಚ್ಚೂದು ಬ್ಯಾಡ್ರಿ, ಒಂದು ಸೂಜಿ ಮಾಡ್ರಿ. ಸೂಜಿ ಮಾಡದಿದ್ರ ಅದು ಎಂಥಾ ದವಾಖಾನಿ?" ಎಂದು ಎದ್ದು ಹೋದರು. ಐರಣಿಯ ಒಬ್ಬ ಅಜ್ಜಿ ತನ್ನ ಟ್ಯೂಬನ್ನು ಮೊಣಕಾಲಿಗೆ, ಬೆನ್ನಿಗೆ, ಸೊಸೆಯ ಹಿಮ್ಮಡಿಗೆ, ಕೊನೆಗೆ ಎತ್ತಿನ ಹೆಗಲಿಗೂ ಹಚ್ಚಿ, ಎತ್ತಿಗೆ ಬಹಳ ಗುಣವಾಗಿದೆ ಎಂದು ವರದಿ ಕೊಟ್ಟಳು. ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರವರೆಗೆ ಹೇಳಿ ಎಂದರೆ ಹಳಬರು ಯಾರೂ ಹೇಳುತ್ತಿರಲಿಲ್ಲ. "ಎಂಟಾಣೆ ಹೋಗೇತ್ರಿ, ಇನ್ನ ಎಂಟಾಣೆ ಐತಿ" ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಆಣೆಯನ್ನು ಅಂಕಿ ಮಾಡಿ ಬರೆದುಕೊಳ್ಳುತ್ತಿದ್ದೆ. ಟ್ಯೂಬು ಎಲ್ಲಿ ಎಂದು ಕೇಳಿದರೆ ಕಳೆದುಕೊಂಡವರೆಲ್ಲರದೂ ಒಂದೇ ಉತ್ತರ, "ಹೆಗ್ಗಣ ಒಯ್ತ್ರಿ." ಹಾವೇರಿ ಜಿಲ್ಲೆಯ ಹೆಗ್ಗಣಗಳಿಗೆಲ್ಲ ಮೊಣಕಾಲು ನೋವಿರಬೇಕು ಎಂದು ನಾನು ಬೈಯುತ್ತಿದ್ದೆ.

ಬ್ಯಾಡಗಿಯಲ್ಲಿ ನನಗೆ ಸಿಕ್ಕವರೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು. ತೊಟ್ಟಿಗೆ ಅವರು ತುಂಬು ಎನ್ನುತ್ತಾರೆ. ವ್ಯಾಪಾರಿಗಳ ಅಂಗಡಿಯ ಹಿಂದಿನ ಉದ್ದ ಚಾವಣಿಯ ಕೆಳಗೆ ಕೆಂಪು ರಾಶಿ ಬಿದ್ದಿರುತ್ತದೆ. ಅದರ ಮುಂದೆ ಸಾಲಾಗಿ ಗೋಣಿಚೀಲ ಹಾಸಿಕೊಂಡು, ಒಂದು ಮೊಣಕಾಲು ಮಡಿಸಿ, ಇನ್ನೊಂದನ್ನು ಎದೆಗೆ ಒತ್ತಿಕೊಂಡು ಕೂತರೆ ಅವರು ಏಳುವುದು ಸಂಜೆಗೆ. ಇಂಥ ಕಡೆ ಮೊಣಕಾಲು ಸವೆದವರನ್ನು ಹುಡುಕಬೇಕಾಗಿಯೇ ಇರಲಿಲ್ಲ. ಒಬ್ಬರನ್ನು ಕೇಳಿದರೆ ಸಾಲಿಗೆ ಸಾಲೇ ಸೀರೆ ಎತ್ತಿ ತೋರಿಸುತ್ತಿತ್ತು.

ಅಂಗಡಿಗಳಿಗೆ ರಜೆ ಇದ್ದ ದಿನ, ಊರೊಳಗೆ ನಮಗೆ ಸಿಕ್ಕ ಒಂದು ಕೋಣೆಯಲ್ಲಿ ನಾನು ಅವರನ್ನು ಕೂರಿಸಿಕೊಂಡು ಒಪ್ಪಿಗೆ ಪತ್ರ ಓದಿ ಹೇಳುತ್ತಿದ್ದೆ. ನಿಮಗೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಎಂದು ಗಟ್ಟಿಯಾಗಿ ಓದುತ್ತಿದ್ದೆ. ಕಾರಣವಿದ್ದರೆ ಅಧ್ಯಯನವನ್ನು ನಾವೂ ನಿಲ್ಲಿಸಬಹುದು ಎಂಬ ಸಾಲನ್ನೂ ಓದುತ್ತಿದ್ದೆ. ಅದನ್ನು ಸ್ವಲ್ಪ ಮೆಲ್ಲಗೆ.

ಎಲ್ಲರೂ ಹೆಬ್ಬೆಟ್ಟು ಒತ್ತಿಯೋ ಸಹಿ ಹಾಕಿಯೋ ಎದ್ದರು. ಒಬ್ಬಾಕೆ ಮಾತ್ರ ಏಳಲಿಲ್ಲ. ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬಹುದು. ಗಟ್ಟಿ ಮೈಕಟ್ಟು, ಬಾಯಲ್ಲಿ ಸದಾ ಒಂದು ಕೊಂಕು. ಸಾಲಿನ ತುದಿಯಲ್ಲಿ, ಪಕ್ಕಕ್ಕೂ ಗೋಡೆ ಇರುವ ಜಾಗ ಆಕೆಯದು, ಏಳುವಾಗ ಗೋಡೆ ಹಿಡಿಯಬೇಕಲ್ಲ, ಅದಕ್ಕೆ. ಗಂಡ ತೀರಿಕೊಂಡ ಮೇಲೆ ಇದೇ ಕೆಲಸದಲ್ಲಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವಳು, ಈಗ ಮೂರನೆಯವಳನ್ನು ಓದಿಸುತ್ತಿದ್ದವಳು. ಬೇರೆ ಕೆಲಸ ಬಾರದು, ಬೇಕಾಗಿಯೂ ಇರಲಿಲ್ಲ. ಆದರೆ ಆ ಸುಗ್ಗಿಯಲ್ಲಿ ಕಾಲು ಹಠ ಹಿಡಿದಿತ್ತು.

"ಅಕ್ಕಾರ, ಮಧ್ಯಾಹ್ನ ಕಾಲು ಚಾಚಿ ಹಚ್ಚಬೇಕಂದ್ರಲ್ಲ, ಅದನ್ನ ನಮ್ಮ ದಿವಾನಜಿಗೆ ನೀವ ಬಂದು ಹೇಳಬೇಕ್ರಿ" ಎಂದಳು. ದಿವಾನಜಿ ಎಂದರೆ ಅಂಗಡಿಯ ಲೆಕ್ಕ, ಕೆಲಸದವರ ಉಸ್ತುವಾರಿ ನೋಡುವವರು.

"ಯಾಕ, ನೀ ಹೇಳಿದ್ರ ಆಗಂಗಿಲ್ಲೇನು?"

"ನಾ ಹೇಳಿದ್ರ ಮನಿಗೆ ಹೋಗಿ ಚಾಚು ಅಂತಾರ. ಅಲ್ಲಿ ಕಾಲು ಚಾಚಂಗಿಲ್ರಿ. ಮುಂದ ರಾಶಿ ಇರತೈತಿ."

ನನಗೆ ಆಗ ತಿಳಿಯಿತು. ರಾಶಿ ಎಂದರೆ ಲಕ್ಷ್ಮಿ. ನಮ್ಮ ಕಡೆ ಕಾಳಿನ ರಾಶಿಯ ಎದುರು, ತಕ್ಕಡಿಯ ಎದುರು, ಗಾದಿಯ ಮೇಲೆ ಕೂತ ಸಾವಕಾರರ ಎದುರು ಯಾರೂ ಕಾಲು ಚಾಚುವುದಿಲ್ಲ. ಚಿಕ್ಕಂದಿನಲ್ಲಿ ಜೋಳದ ಚೀಲದ ಕಡೆ ಕಾಲು ಮಾಡಿ ಮಲಗಿದ್ದಕ್ಕೆ ನನ್ನ ಅವ್ವ ನನ್ನ ಕಾಲಿಗೆ ಎರಡು ಬಿಗಿದದ್ದು ನೆನಪಿದೆ. ಈ ಹೆಂಗಸರು ದಿನವಿಡೀ ಲಕ್ಷ್ಮಿಯ ಎದುರಿಗೇ ಕೂತವರು. ಹಿಂದಕ್ಕೆ ಗೋಡೆ, ಪಕ್ಕಕ್ಕೆ ಇನ್ನೊಬ್ಬಳ ಮೊಣಕೈ. ಕಾಲು ಚಾಚಲು ಉಳಿದದ್ದು ಮುಂದಿನ ದಿಕ್ಕು ಮಾತ್ರ, ಅಲ್ಲಿ ದೇವರು.

ಮರುದಿನ ಹೋಗಿ ದಿವಾನಜಿಗೆ ಹೇಳಿದೆ. ಬಿಳಿ ಟೊಪ್ಪಿಗೆಯ, ಮೃದು ಮಾತಿನ ಮುದುಕರು. ಅಧ್ಯಯನ, ಸಂಶೋಧನೆ ಎಂಬ ಮಾತುಗಳಿಗೆ ತಲೆದೂಗಿದರು. "ಡಾಕ್ಟರ್ ಹೇಳ್ಯಾರಂದ್ರ ಮುಗೀತ್ರಿ. ಔಷಧಕ್ಕ ದೋಷ ಇಲ್ಲ" ಎಂದರು. ಟ್ಯೂಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಭಕ್ತಿಯಿಂದ ಹಿಂದಕ್ಕೆ ಕೊಟ್ಟರು.

ಆ ಮಧ್ಯಾಹ್ನ ಆಕೆ ಗೋಡೆಗೆ ಬೆನ್ನು ಕೊಟ್ಟು, ರಾಶಿಯ ಕಡೆ ಬಲಗಾಲನ್ನು ಚಾಚಿದ್ದನ್ನು ನಾನು ಕಣ್ಣಾರೆ ಕಂಡೆ. ಕಾಲು ಒಮ್ಮೆಗೆ ಹೋಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಕೈಯಿಂದ ತಳ್ಳುತ್ತ ಚಾಚಿದಳು. ಪೂರ್ತಿ ನೇರವಾದಾಗ ಕಣ್ಣು ಮುಚ್ಚಿ, "ಯವ್ವಾ" ಎಂದಳು. ಇನ್ನೂ ಟ್ಯೂಬಿನ ಮುಚ್ಚಳ ತೆಗೆದಿರಲಿಲ್ಲ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಖರೇ ಹೇಳುತ್ತೇನೆ. ನಾನೂ ಅಲ್ಲೇ ಕೂತುಬಿಡಬೇಕು ಎನಿಸಿತು. ಆದರೆ ಸಂಜೆಯ ಬಸ್ಸಿತ್ತು, ಮನೆಯಲ್ಲಿ ಹಿಟ್ಟು ಕಲಸಬೇಕಿತ್ತು.

ವಾರಗಳು ಉರುಳಿದವು. ಬ್ಯಾಡಗಿಯವರ ನೋವು ಇಳಿಯುತ್ತ ಬಂತು. ಎಂಟಾಣೆ, ಹತ್ತಾಣೆ, ಗೋಡೆ ಪಕ್ಕದಾಕೆಯದು ಹನ್ನೆರಡಾಣೆ. ಗೋಡೆ ಹಿಡಿಯದೆ ಎದ್ದೆ ಎಂದು ಆಕೆ ನನ್ನೆದುರು ಎದ್ದು ತೋರಿಸಿ, ಮತ್ತೆ ಕೂತು, ಮತ್ತೆ ಎದ್ದಳು. ರಾಣೆಬೆನ್ನೂರು, ಹಾವೇರಿಗಳಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲಿ ಎರಡಾಣೆ ಹೋದರೆ ಹೆಚ್ಚು. ಹಾವೇರಿಯ ಡಾಕ್ಟರಿಗೆ ಖುಷಿಯಾಗುವುದರ ಬದಲು ಯೋಚನೆ ಹತ್ತಿತು. ಅದರ ಮೇಲೆ ಬ್ಯಾಡಗಿಯವರೆಲ್ಲ ಒಂದು ದೂರು ಹೇಳತೊಡಗಿದರು. ಹಚ್ಚಿದ ಮೇಲೆ ಉರಿಯುತ್ತದೆ. ಕೆಟ್ಟ ಉರಿ ಅಲ್ಲ, ಬಿಸಿ ಬಿಸಿ ಉರಿ. ಔಷಧ ಇದ್ದವರಿಗೆ ಮಾತ್ರ ಉರಿದರೆ ಒಂದು ಮಾತು, ಇಲ್ಲಿ ಒಬ್ಬರೂ ಬಿಡದೆ ಎಲ್ಲರಿಗೂ ಉರಿ.

ನಾನು ಮೊಣಕಾಲುಗಳ ಫೋಟೋ ತೆಗೆದು ಕಳಿಸಿದೆ. ಕೆಂಪು ಮೊಣಕಾಲುಗಳು. ಡಾಕ್ಟರು ತಕ್ಷಣ ಫೋನ್ ಮಾಡಿದರು. "ಇದೇನು ಚರ್ಮ ಹೀಗೆ ಕೆಂಪಾಗಿದೆ? ಅಲರ್ಜಿಯೋ ಏನೋ. ಯಾರಿಗಾದರೂ ಏನಾದರೂ ಆದರೆ ಹೊಣೆ ಯಾರು? ನೀವು ಹೋಗಿ, ಅವರು ಹೇಗೆ ಹಚ್ಚುತ್ತಾರೆ ಅಲ್ಲೇ ಕೂತು ನೋಡಿ ಬನ್ನಿ" ಎಂದರು. ದನಿಯಲ್ಲಿ ಹೆದರಿಕೆ ಇತ್ತು. ನನಗೂ ಹೆದರಿಕೆಯಾಯಿತು. ಆ ಇಡೀ ದಾರಿ ಗೋಡೆ ಪಕ್ಕದಾಕೆಯ ಕಾಲಿಗೆ ಏನಾಗಿದೆಯೋ ಎಂದು ಚಡಪಡಿಸಿದೆ.

ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಚಾವಣಿಯ ಕೆಳಗೆ ಹೋಗಿ ನಿಂತೆ. ಊಟಕ್ಕೆ ಮೊದಲು ಹೆಂಗಸರು ಕೈಯನ್ನು ಗೋಣಿಚೀಲಕ್ಕೆ ಎರಡು ಸಲ ಒರೆಸಿಕೊಂಡರು. ಅಧ್ಯಯನಕ್ಕೆ ಸೇರಿದವರು ಕಾಲು ಚಾಚಿದರು. ಟ್ಯೂಬು ಹಿಂಡಿದರು. ತಿಕ್ಕತೊಡಗಿದರು.

"ಅಯ್ಯ, ಕೈ ತೊಳಕೊಳ್ಳಂಗಿಲ್ಲೇನ್ರೇ?" ಎಂದೆ.

"ಹಚ್ಚಿದ ಮ್ಯಾಲೆ ತೊಳೀರಿ ಅಂತ ನೀವ ಓದಿದ್ರಲ್ರಿ. ಅದೂ ನಮಗ ಆಗಂಗಿಲ್ಲ, ಒರಸಿಕೊಂತೀವಿ" ಎಂದು ಒಬ್ಬಾಕೆ ನಕ್ಕಳು. "ಕೆಲಸದ ನಡುವ ನೀರು ಮುಟ್ಟಿದ್ರ ಹಸಿ ಕೈಗೆ ಹುಡಿ ಅಂಟಿ ರಣರಣ ಉರೀತೈತ್ರಿ. ಸಂಜಿಗೆ ಎಣ್ಣಿ ಸವರಿ ಆಮ್ಯಾಲೆ ತೊಳೀತೀವಿ."

ಅಷ್ಟೇ. ಬೆಳಗಿನಿಂದ ಮೆಣಸಿನಕಾಯಿ ಮುರಿದ ಕೈ, ಅದೇ ಕೈಯಿಂದ ಮುಲಾಮು. ಮುಲಾಮಿನ ಜಿಡ್ಡಿಗೆ ಬಣ್ಣ ಹಿಡಿದುಕೊಂಡು ಮೊಣಕಾಲು ಕೆಂಪು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಎಲ್ಲರಿಗೂ ಗೊತ್ತು. ಆದರೆ ಈಗ ಆ ಸಂತೆಗೆ ಹೊರಗಿನ ಖಾರದ ಕಾಯಿಯೂ ಲಾರಿಗಟ್ಟಲೆ ಬರುತ್ತದೆ. ಉರಿ ಅದರದು. ಸೂಚನೆಯ ಹಾಳೆ ಬರೆದವರು ಹಚ್ಚಿದ ಮೇಲೆ ಕೈ ತೊಳೆಯಿರಿ ಎಂದು ಬರೆದಿದ್ದರು. ಹಚ್ಚುವ ಮೊದಲು ಎಂದು ಬರೆಯಲು ಅವರಿಗೆ ಹೊಳೆಯಲಿಲ್ಲ, ಬರೆಯುವವರ ಕೈ ಮೊದಲೇ ಸ್ವಚ್ಛವಿತ್ತು. ನನ್ನ ಕಥೆ ಇನ್ನೂ ಚಂದ. ಹುಟ್ಟಿದ್ದು, ಬೆಳೆದದ್ದು ಪಕ್ಕದ ತಾಲೂಕಿನಲ್ಲಿ. ಆದರೂ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿಯ ಸಾಲಿನಲ್ಲಿ ಕೆಂಪು ಬಣ್ಣ ಕಂಡು, ರೋಗ ಎಂದು ಫೋಟೋ ತೆಗೆದವಳು. ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದು ನೋಡಿ ಸಾಲಿನವರೂ ನಕ್ಕರು, ಯಾಕೆಂದು ತಿಳಿಯದೆ.

ಸಂಜೆ ಹಾವೇರಿಯಲ್ಲಿ ಡಾಕ್ಟರಿಗೆ ಹೇಳಿದಾಗ ಅವರು ನಗಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಮೆಣಸಿನಕಾಯಿಯ ಖಾರವೇ ಮೊಣಕಾಲು ನೋವಿಗೆ ಒಂದು ಔಷಧ ಸಿಸ್ಟರ್. ಅದನ್ನೇ ಮುಲಾಮು ಮಾಡಿ ಮಾರುತ್ತಾರೆ. ಈಗ ಬ್ಯಾಡಗಿಯವರ ನೋವು ಇಳಿದದ್ದು ನಮ್ಮ ಟ್ಯೂಬಿನಿಂದಲೋ, ಅವರ ಕೈಯಿಂದಲೋ ಹೇಗೆ ಹೇಳುವುದು?"

"ಕಾಲು ಚಾಚಿದ್ದರಿಂದಲೂ ಇರಬಹುದು" ಎಂದೆ.

"ಅದೂ ಇರಬಹುದು" ಎಂದರು. ಒಳ್ಳೆಯ ಹುಡುಗ, ಅಲ್ಲಗಳೆಯಲಿಲ್ಲ. "ಆದರೆ ಅದನ್ನು ಅಳೆಯಲು ನಾವು ಹೊರಟಿರಲಿಲ್ಲ. ಬ್ಯಾಡಗಿಯನ್ನು ಬಿಡಬೇಕಾಗುತ್ತದೆ."

ಅವರು ಹೇಳಿದ್ದು ಸರಿಯೇ ಇತ್ತು. ಸಂಶೋಧನೆ ಎಂದರೆ ಹಾಗೆಯೇ, ಒಂದರೊಳಗೊಂದು ಬೆರೆತರೆ ಯಾವುದೂ ನಿಜವಲ್ಲ. ನಾನು ಅಷ್ಟು ವರ್ಷ ಆಸ್ಪತ್ರೆಯಲ್ಲಿದ್ದವಳು, ನನಗೂ ಅದು ಅರ್ಥವಾಗುತ್ತದೆ. ಆದರೆ ಅಂದು ಬಸ್ಸಿನಲ್ಲಿ ಕೂತಾಗ ನನಗೆ ಸಾಕಾಗಿತ್ತು. ಮೈಯೆಲ್ಲ ಸಾಕಾಗಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ಹುಡುಕಿದೆ, ಯಾರೂ ಸಿಗಲಿಲ್ಲ. ತಪ್ಪು ಮಾಡಿದವರೇ ಇಲ್ಲದ ಕಡೆ ಸಿಟ್ಟು ಬಂದರೆ ಅದು ಕಾಲಿಗಿಳಿಯುತ್ತದೆ. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ಗಂಡ ಒಳಗಿನಿಂದ, "ಬಂದೇನು? ಹೆಂಗೂ ನಿಂತೀದಿ, ಗೇಟು ಹಾಕಿಬಿಡು" ಎಂದರು. ಹಾಕಿದೆ.

ಟ್ಯೂಬುಗಳನ್ನು ಹಿಂದಕ್ಕೆ ತರಲು ಬ್ಯಾಡಗಿಗೆ ಹೋದ ದಿನ ಸೆಕೆ ಬಹಳವಿತ್ತು. ಮೊದಲೇ ಹೇಳಿ ಕಳಿಸಿದ್ದರಿಂದ ಕೋಣೆಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ತಮ್ಮ ಟ್ಯೂಬುಗಳನ್ನು ಮೇಜಿನ ಮೇಲಿಟ್ಟು ಹೋದರು. ಯಾರೂ ಜಗಳವಾಡಲಿಲ್ಲ. ಕೈ ತಪ್ಪಿ ಹೋದದ್ದಕ್ಕೆ ಜಗಳವಾಡುವಷ್ಟು ಪುರಸೊತ್ತು ಅವರಿಗಿರಲಿಲ್ಲ. ನಾನು ಎಲ್ಲರಿಗೂ ಹೇಳಿದೆ, ಆ ಮುಲಾಮಿನಲ್ಲಿ ಔಷಧ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನೋವು ಹೆಚ್ಚಾದರೆ ಆಸ್ಪತ್ರೆಗೆ ಬನ್ನಿ, ಅಲ್ಲಿ ಚಿಕಿತ್ಸೆ ಕೊಡುತ್ತಾರೆ, ದಿನಕ್ಕೆ ಎರಡು ಹೊತ್ತು ಕಾಲು ಚಾಚುವುದನ್ನು ಮಾತ್ರ ಬಿಡಬೇಡಿ ಎಂದು. ಕೊನೆಯ ಮಾತು ಹೇಳುವಾಗ ನನ್ನ ದನಿಯೇ ನನಗೆ ಪೊಳ್ಳೆನಿಸಿತು.

ಗೋಡೆ ಪಕ್ಕದಾಕೆ ಎಲ್ಲರಿಗಿಂತ ಕೊನೆಗೆ ಬಂದಳು. ಟ್ಯೂಬನ್ನು ಮೇಜಿನ ಮೇಲೆ ಇಡಲಿಲ್ಲ, ಸೆರಗಿನಲ್ಲೇ ಹಿಡಿದುಕೊಂಡಳು.

"ನಿನ್ನೆ ದಿವಾನಜಿ ಕೇಳಿದ್ರು, ಅಧ್ಯಯನ ಮುಗೀತಂತಲ್ಲ ಅಂತ. ಹೌದ್ರಿ ಅಂದೆ. ಹಂಗಾದ್ರ ಇನ್ನ ಕಾಲು ಮಡಚಿಕೋ ಅಂದ್ರು."

"ನಾ ಹೇಳ್ತೀನಿ ನಡಿ" ಎಂದೆ.

ಇಬ್ಬರೂ ಹೋದೆವು. ನನ್ನ ನಡಿಗೆ ಆಕೆಯದಕ್ಕಿಂತ ನಿಧಾನವಿತ್ತು, ಆಕೆ ಎರಡು ಸಲ ನಿಂತು ಕಾದಳು. ದಿವಾನಜಿ ನನಗೆ ನೀರು ಕೊಡಿಸಿದರು, ಕುಂದ್ರಿ ಎಂದರು, ಚಹಾ ತರಿಸಲೇ ಎಂದರು. ಕಾಲು ಚಾಚುವ ಮಾತಿಗೆ ಮಾತ್ರ ಮೆಲ್ಲಗೆ ತಲೆಯಾಡಿಸಿದರು.

"ಔಷಧ ಇದ್ದಾಗಿನ ಮಾತು ಬ್ಯಾರೆ, ಅಕ್ಕಾರ. ಈಗ ಸುಮ್ಮಸುಮ್ಮನ ಚಾಚಿದ್ರ ಹೆಂಗ? ಮುಂದ ಲಕ್ಷ್ಮಿ ಅದಾಳ. ನಾನೂ ಹಗಲೆಲ್ಲ ಮಡಚಿಕೊಂಡ ಕುಂದರತೀನಿ, ನನಗೇನು ಮೊಣಕಾಲಿಲ್ಲೇನು?"

ಅದು ನಿಜ. ಏಳುವಾಗ ಅವರು ತಕ್ಕಡಿಯ ಸರಪಳಿ ಹಿಡಿಯುವುದನ್ನು ನಾನು ನೋಡಿದ್ದೆ. ಕೆಟ್ಟವರಾಗಿದ್ದರೆ ಬಾಯಿಗೆ ಬಂದಂತೆ ಅಂದು ಹಗುರಾಗುತ್ತಿದ್ದೆ. ಇಡೀ ಕಥೆಯಲ್ಲಿ ಅಂಥ ಒಬ್ಬರೂ ನನಗೆ ಸಿಗಲಿಲ್ಲ.

ಹೊರಗೆ ಬಂದಾಗ ಆಕೆ, "ನನಗ ಗೊತ್ತಿತ್ರಿ" ಎಂದಳು. ಆಮೇಲೆ ಸೆರಗಿನಿಂದ ಟ್ಯೂಬು ತೆಗೆದು, ಒಳಗಿದ್ದಷ್ಟನ್ನೂ ನನ್ನ ಕಣ್ಣೆದುರು ಗಟಾರಕ್ಕೆ ಹಿಂಡಿದಳು. ಟ್ಯೂಬು ಚಪ್ಪಟೆಯಾಯಿತು.

"ಅಯ್ಯ, ಏನ ಮಾಡಾಕತ್ತೀದಿ? ಅದನ್ನ ತೂಕ ಮಾಡಬೇಕು!"

"ಔಷಧ ನಿಮ್ಮದು, ಅದು ನನಗ ಬ್ಯಾಡ್ರಿ. ಈ ಖಾಲಿ ಟ್ಯೂಬಷ್ಟ ಬಿಟ್ಟು ಹೋಗ್ರಿ. ಇದು ತೊಡಿ ಮ್ಯಾಲಿದ್ರ ಅವರು ಏನೂ ಅನ್ನಂಗಿಲ್ಲ." ಟ್ಯೂಬನ್ನು ಸೆರಗಿಗೆ ಒರೆಸಿ, "ಬರೇ ಕಾಲು ನೋಯತೈತಿ ಅಂದ್ರ ಯಾರ ಕೇಳ್ತಾರ್ರಿ?" ಎಂದಳು.

ಕಾಲು ನೋಯುತ್ತದೆ ಎಂದು ನಾನು ಮನೆಯಲ್ಲಿ ಕೊನೆಯ ಸಲ ಹೇಳಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ಹೇಳಿಯೇ ಇರಲಿಲ್ಲ. ಹೇಳಬಾರದೆಂದಲ್ಲ, ಹೇಳಲು ಕಾರಣ ಬೇಕಲ್ಲ, ಡಾಕ್ಟರು ಹೇಳಿರಬೇಕಲ್ಲ.

ಹಾವೇರಿಯಲ್ಲಿ ಟ್ಯೂಬುಗಳನ್ನು ಎಣಿಸುತ್ತಿದ್ದ ಡಾಕ್ಟರು ತಲೆ ಎತ್ತಿದರು. "ಒಂದು ಕಡಿಮೆ ಇದೆಯಲ್ಲ ಸಿಸ್ಟರ್?"

"ಹೆಗ್ಗಣ ಒಯ್ತಂತ ಸರ್" ಎಂದೆ.

ಅವರು ನನ್ನನ್ನು ನೋಡಿದರು. ನಾನು ಕಿಟಕಿ ನೋಡಿದೆ. ಹೆಗ್ಗಣ ಎಂದೇ ಬರೆದುಕೊಂಡರು.

ಅಧ್ಯಯನ ಉಳಿದ ಕಡೆ ಮುಗಿಯಿತು. ಆ ಹೊಸ ಮುಲಾಮು ಬರೀ ಮುಲಾಮಿಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಎಂದು ತಿಳಿಯಿತು. ಡಾಕ್ಟರು, ಇದೂ ಒಂದು ಉತ್ತರವೇ ಎಂದರು, ಸುಸ್ತಾದ ದನಿಯಲ್ಲಿ. ಬ್ಯಾಡಗಿಯವರನ್ನು ಅದರಲ್ಲಿ ಸೇರಿಸಿರಲಿಲ್ಲ. ಗೋಡೆ ಪಕ್ಕದಾಕೆಗೆ ಸಿಕ್ಕಿದ್ದು ಯಾವ ಮುಲಾಮು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಕೇಳಲೂ ಇಲ್ಲ.

ಮುಂದಿನ ಸುಗ್ಗಿಯಲ್ಲಿ ಮನೆಗೆ ವರ್ಷದ ಮೆಣಸಿನಕಾಯಿ ತರಬೇಕಿತ್ತು. ಯಾರೋ ಹೋಗಬೇಕಲ್ಲ, ಗಂಡ, "ಹೆಂಗೂ ನಿನಗ ಆ ಊರು ಗೊತ್ತೈತಿ" ಎಂದರು. ಬಸ್ಸಿಳಿದು ಸೀನಿ, ಕೈಚೀಲ ಹಿಡಿದುಕೊಂಡು ಆ ಅಂಗಡಿಗೇ ಹೋದೆ. ಬೇಕೆಂದೇ ಮಧ್ಯಾಹ್ನದ ಹೊತ್ತಿಗೆ ಹೋದೆ.

ಚಾವಣಿಯ ಕೆಳಗೆ ಹಳೆಯ ಸಾಲು, ಹೊಸ ರಾಶಿ. ಗೋಡೆ ಪಕ್ಕದಾಕೆ ತನ್ನ ಜಾಗದಲ್ಲೇ ಇದ್ದಳು, ಎರಡೂ ಮೊಣಕಾಲು ಮಡಿಸಿಕೊಂಡು, ಮೆಣಸಿನಕಾಯಿ ಮುರಿಯುತ್ತ. ಅಷ್ಟು ಮಾಡಿಯೂ ಕೊನೆಗೆ ಮಡಚಿಕೊಂಡಳಲ್ಲ ಎಂದುಕೊಂಡೆ. ಆಗ ಸಾಲಿನ ಆ ಕೊನೆಯಲ್ಲಿ ಒಂದು ಕಾಲು ಚಾಚಿದ್ದು ಕಂಡಿತು. ಬೇರೆ ಹೆಂಗಸು. ಆಕೆಯ ತೊಡೆಯ ಮೇಲೆ ಚಪ್ಪಟೆಯಾದ, ಬಣ್ಣ ಹೋದ ಟ್ಯೂಬು. ಸ್ವಲ್ಪ ಹೊತ್ತಿಗೆ ಆಕೆ ಕಾಲು ಮಡಿಸಿ, ಟ್ಯೂಬನ್ನು ಪಕ್ಕದವಳ ಮಡಿಲಿಗೆ ಹಾಕಿದಳು. ಪಕ್ಕದವಳು ಕಾಲು ಚಾಚಿದಳು. ಯಾರೂ ಮುಚ್ಚಳ ತೆಗೆಯಲಿಲ್ಲ. ಗಾದಿಯ ಮೇಲಿದ್ದ ದಿವಾನಜಿ ಒಮ್ಮೆ ಟ್ಯೂಬನ್ನೂ ಒಮ್ಮೆ ಕಾಲನ್ನೂ ನೋಡಿ, ಲೆಕ್ಕಕ್ಕೆ ಕಣ್ಣು ಇಳಿಸಿದರು.

ಟ್ಯೂಬು ಮಡಿಲಿನಿಂದ ಮಡಿಲಿಗೆ ಬರುತ್ತ ಬರುತ್ತ ಗೋಡೆ ಪಕ್ಕದಾಕೆಯ ಕೈಗೆ ಬಂತು. ಅಷ್ಟರಲ್ಲಿ ಆಕೆ ನನ್ನನ್ನು ಕಂಡಿದ್ದಳು. ನಾನು ಕಂಬ ಹಿಡಿದು ನಿಂತ ರೀತಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಸರಿದು, ತನ್ನ ಗೋಣಿಚೀಲದ ಅರ್ಧವನ್ನು ಗೋಡೆಯ ಕಡೆ ಖಾಲಿ ಮಾಡಿದಳು.

"ಬರ್ರಿ ಅಕ್ಕಾರ, ಕುಂದ್ರಿ. ಹಿಡೀರಿ, ಇದು ನಿಮ್ಮ ಪಾಳಿ."

ನಾನು ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಗೋಡೆ ಹಿಡಿದು ಕೂತೆ. ಟ್ಯೂಬನ್ನು ತೊಡೆಯ ಮೇಲಿಟ್ಟುಕೊಂಡು ಕಾಲು ಚಾಚಿದೆ, ಸ್ವಲ್ಪ ಸ್ವಲ್ಪವಾಗಿ, ಕೈಯಿಂದ ತಳ್ಳುತ್ತ. ಎದುರಿಗೆ ಕೆಂಪು ರಾಶಿ ನನ್ನ ಹೆಬ್ಬೆರಳಿಗೆ ಮೊಳದಷ್ಟು ದೂರದಲ್ಲಿತ್ತು. ಕಾಲು ಪೂರ್ತಿ ನೇರವಾದಾಗ ಕಣ್ಣು ತುಂಬಿ ಬಂತು, ಖಾರದ ಗಾಳಿಗೆ ಎಂದು ಸೆರಗಿನಿಂದ ಒರೆಸಿಕೊಂಡೆ.

ಗಾದಿಯ ಮೇಲಿನಿಂದ ದಿವಾನಜಿ, "ನಿಮಗೂ ಡಾಕ್ಟರ್ ಹೇಳ್ಯಾರೇನ್ರಿ, ಅಕ್ಕಾರ?" ಎಂದು ಕೇಳಿದರು.

ನಾನು ಹೂಂ ಎನ್ನುವಷ್ಟರಲ್ಲಿ ಪಕ್ಕದಾಕೆಯೇ ಹೇಳಿಬಿಟ್ಟಳು. "ಹೇಳ್ಯಾರ್ರಿ. ಅವರಿಗೆ ಉಳಿದವರಿಗಿಂತ ಜಾಸ್ತಿ ಹೊತ್ತು ಹೇಳ್ಯಾರ."